ಹನ್ನೆರಡು ಬೋಲ್ಟಿನ ಕೆಲಸ



ಅಮೆರಿಕದ ಶೆವ್ರೊಲೆ ಕಂಪನಿ 1955ರಲ್ಲಿ ಒಂದು ಎಂಜಿನ್ ಹೊರತಂದಿತು. ಎಂಟು ಸಿಲಿಂಡರು, ಈ ಪಕ್ಕ ನಾಲ್ಕು, ಆ ಪಕ್ಕ ನಾಲ್ಕು, ನಡುವೆ ವಿ ಆಕಾರದ ಕಣಿವೆ. ಗಾತ್ರ 265 ಘನ ಇಂಚು, ನಮ್ಮ ಲೆಕ್ಕದಲ್ಲಿ 4.3 ಲೀಟರು. ಎಡ್ ಕೋಲ್ ಎಂಬ ಎಂಜಿನಿಯರರ ಮುಂದಾಳತ್ವದಲ್ಲಿ ತಯಾರಾದ ಈ ಯಂತ್ರಕ್ಕೆ ಸ್ಮಾಲ್ ಬ್ಲಾಕ್ ಅನ್ನುವ ಹೆಸರು ಬಿತ್ತು. ಮುಂದೆ ಅದು 283 ಘನ ಇಂಚಾಯಿತು, 327 ಆಯಿತು, 1967ರಲ್ಲಿ ಕಮಾರೊ ಕಾರಿನೊಳಗೆ ಕೂತು 350 ಆಯಿತು. 2011ರಲ್ಲಿ ಜನರಲ್ ಮೋಟರ್ಸ್ ತನ್ನ ಹತ್ತು ಕೋಟಿಯನೆಯ ಸ್ಮಾಲ್ ಬ್ಲಾಕ್ ತಯಾರಿಸಿತು ಅಂದರೆ ಅದರ ಹರವು ಎಷ್ಟೆಂದು ಊಹಿಸಿಕೊಳ್ಳಿ.

ಇಷ್ಟು ಎಂಜಿನ್ನುಗಳು ಊರೂರಲ್ಲಿ ಓಡಾಡುವಾಗ ಅವನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸಿಗಳು ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅವರಲ್ಲಿ ಬಹುಪಾಲು ಜನ ಮೊಟ್ಟಮೊದಲು ಕೈ ಹಾಕುವ ದೊಡ್ಡ ಕೆಲಸ ಎಕ್ಸಾಸ್ಟ್ ಹೆಡರ್ ಕೂರಿಸುವುದು. ಕಂಪನಿ ಕೊಟ್ಟ ಬೀಡು ಕಬ್ಬಿಣದ ಮ್ಯಾನಿಫೋಲ್ಡನ್ನು ಕಿತ್ತು, ಅದರ ಜಾಗದಲ್ಲಿ ಬಾಗಿಸಿ ಬೆಸೆದ ಉಕ್ಕಿನ ಕೊಳವೆಗಳ ಗೊಂಚಲನ್ನು ಕೂರಿಸುವುದು. ಒಂದು ಪಕ್ಕಕ್ಕೆ ಆರು ಬೋಲ್ಟು, ಎರಡೂ ಪಕ್ಕ ಸೇರಿ ಹನ್ನೆರಡು. ಕ್ಯಾಟಲಾಗು ನೋಡಿದರೆ ಶನಿವಾರ ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಸಬಹುದು ಅನ್ನಿಸುತ್ತದೆ. ಕ್ಯಾಟಲಾಗು ಬರೆದವರು ಹೊಸ ಹೆಡರ್ ಕೂರಿಸುವ ಹೊತ್ತನ್ನಷ್ಟೇ ಲೆಕ್ಕ ಹಿಡಿದಿರುತ್ತಾರೆ. ಹಳೆಯದು ಬಿಡಬೇಕಲ್ಲ!

ಈ ಹುಚ್ಚಿನ ತವರು ದಕ್ಷಿಣ ಕ್ಯಾಲಿಫೋರ್ನಿಯಾ. ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಅಲ್ಲಿನ ಹುಡುಗರು ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣ ಕೆರೆಗಳ ಬಯಲಿನಲ್ಲಿ ಹಳೆ ಫೋರ್ಡುಗಳನ್ನು ಓಡಿಸಿ ವೇಗ ಅಳೆಯುತ್ತಿದ್ದರು. ಯುದ್ಧ ಮುಗಿದು, 1949ರಲ್ಲಿ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ವೇಗ ಸಪ್ತಾಹ ಶುರುವಾದ ಮೇಲೆ ಅವರ ಕೈಕಸುಬು ಉದ್ದಿಮೆಯಾಗಿ ಬೆಳೆಯಿತು. ಹೆಡ್‌ಮನ್ 1954ರಲ್ಲಿ, ಹುಕರ್ 1962ರಲ್ಲಿ ಹೆಡರ್ ಕಂಪನಿಗಳಾಗಿ ಬಂದವು. ಅಲ್ಲಿಯವರೆಗೆ ವೆಲ್ಡಿಂಗ್ ಬಲ್ಲವನು ಮಾತ್ರ ಮಾಡಿಕೊಳ್ಳುತ್ತಿದ್ದ ವಸ್ತು ರಟ್ಟಿನ ಪೆಟ್ಟಿಗೆಯಲ್ಲಿ ಅಂಚೆಯ ಮೂಲಕ ಮನೆಬಾಗಿಲಿಗೆ ಬರತೊಡಗಿತು.

ಕಂಪನಿಯವರು ಬುದ್ಧಿಯಿಲ್ಲದೆ ಬೀಡು ಕಬ್ಬಿಣ ಹಾಕಿದರೇ ಎಂದು ಯಾರಾದರೂ ಕೇಳಬಹುದು. ಹಾಗೇನಿಲ್ಲ. ಬೀಡು ಅಗ್ಗ, ಸದ್ದನ್ನು ನುಂಗುತ್ತದೆ, ಚಿಕ್ಕ ಜಾಗದಲ್ಲಿ ಕೂರುತ್ತದೆ, ಇಪ್ಪತ್ತು ವರ್ಷ ತುಕ್ಕು ಹಿಡಿದರೂ ತೂತು ಬೀಳುವುದಿಲ್ಲ. ಅದರ ತೊಂದರೆ ಇರುವುದು ಒಳಗಿನ ಹಾದಿಯಲ್ಲಿ.

ಉರಿದ ಗ್ಯಾಸು ಎಂಜಿನ್ನಿನಿಂದ ಒಂದೇ ಸಮನೆ ಹರಿದು ಬರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಪಿಸ್ಟನ್ ಕೆಳತುದಿ ಮುಟ್ಟುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುತ್ತದೆ. ಆಗ ಸಿಲಿಂಡರಿನೊಳಗೆ ಹೊರಗಿನ ಗಾಳಿಯ ಹಲವು ಪಟ್ಟು ಒತ್ತಡ ಇನ್ನೂ ಉಳಿದಿರುತ್ತದೆ. ಬಿಸಿ ಗ್ಯಾಸು ಧಡಕ್ಕನೆ ಹೊರಗೆ ನುಗ್ಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರು ಸೆಕೆಂಡಿಗೆ 25 ಸಲ ಹೀಗೆ ಉಗುಳುತ್ತದೆ. ಒಂದು ಪಕ್ಕದ ನಾಲ್ಕು ಸಿಲಿಂಡರು ಸೇರಿದರೆ ಸೆಕೆಂಡಿಗೆ ನೂರು ಏಟು. ಬೀಡಿನ ಮ್ಯಾನಿಫೋಲ್ಡ್ ಅಂದರೆ ನಾಲ್ಕು ಬಾಯಿ ಇರುವ ಒಂದೇ ಮೋಟು ಕೊಳವೆ. ಜಾತ್ರೆಯಲ್ಲಿ ನಾಲ್ಕು ಓಣಿಯ ಜನ ಒಂದೇ ಸಂದಿಗೆ ನುಗ್ಗಿದಂತೆ, ಒಂದು ಸಿಲಿಂಡರಿನ ಗ್ಯಾಸು ಇನ್ನೊಂದರ ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಹೆಡರಿನಲ್ಲಿ ಪ್ರತಿ ಸಿಲಿಂಡರಿಗೂ ತನ್ನದೇ ಕೊಳವೆ. ನಾಲ್ಕೂ ಕೊಳವೆ ಸಾಕಷ್ಟು ದೂರ ಬೇರೆಬೇರೆಯಾಗಿ ಹೋಗಿ, ಕಲೆಕ್ಟರ್ ಅನ್ನುವ ದಪ್ಪ ಕೊಳವೆಯಲ್ಲಿ ಕೂಡುತ್ತವೆ. ಇಲ್ಲೊಂದು ಸ್ವಾರಸ್ಯ ಇದೆ. ವಾಲ್ವಿನಿಂದ ಹೊರಟ ಒತ್ತಡದ ಅಲೆ ಕಲೆಕ್ಟರಿನ ಅಗಲ ಬಾಯಿಗೆ ಬಂದಾಗ ಅಲ್ಲಿಂದ ಒಂದು ಹೀರುವ ಅಲೆ ಹಿಂದಕ್ಕೆ ತಿರುಗುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಿರುವಾಗ, ಇನ್‌ಲೆಟ್ ವಾಲ್ವ್ ಆಗಷ್ಟೇ ತೆರೆಯುತ್ತಿರುವಾಗ, ಆ ಸಣ್ಣ ಗಳಿಗೆಯಲ್ಲಿ ಹೀರುವ ಅಲೆ ಸಿಲಿಂಡರಿಗೆ ಬಂದು ಮುಟ್ಟಿದರೆ ಒಳಗೆ ಉಳಿದ ಕೊಳಕು ಗ್ಯಾಸನ್ನು ಎಳೆದು ಹಾಕುತ್ತದೆ, ಹೊಸ ಗಾಳಿಯನ್ನೂ ಒಳಗೆ ಸೆಳೆಯುತ್ತದೆ. ಪಿಸ್ಟನ್ ತನ್ನ ಬಲ ಹಾಕಿ ದಬ್ಬಬೇಕಾದ ಕೆಲಸದಲ್ಲಿ ಒಂದು ಪಾಲು ಪುಕ್ಕಟೆಯಾಗಿ ಆಗಿಬಿಡುತ್ತದೆ.

ಆದರೆ ಅಲೆ ಹೋಗಿ ಬರಲು ಹಿಡಿಯುವ ಕಾಲ ಕೊಳವೆಯ ಉದ್ದದ ಮೇಲೆ ನಿಂತಿದೆ, ವಾಲ್ವ್ ತೆರೆದಿರುವ ಕಾಲ ಎಂಜಿನ್ನಿನ ವೇಗದ ಮೇಲೆ ನಿಂತಿದೆ. ಎರಡೂ ಹೊಂದುವುದು ಒಂದು ವೇಗದ ಆಸುಪಾಸಿನಲ್ಲಿ ಮಾತ್ರ. ಉದ್ದ ಕೊಳವೆ ಕಡಿಮೆ ಸುತ್ತಿನಲ್ಲಿ ಎಳೆತ ಕೊಡುತ್ತದೆ, ಮೋಟು ಕೊಳವೆ ಹೆಚ್ಚು ಸುತ್ತಿನಲ್ಲಿ. ಆದ್ದರಿಂದ ಎಲ್ಲ ವೇಗದಲ್ಲೂ ಒಂದೇ ಸಮ ಶಕ್ತಿ ಏರಿಸುವ ಹೆಡರ್ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ನಂಬಬೇಕಾಗಿಲ್ಲ.

ಕೊಳವೆಯ ದಪ್ಪದಲ್ಲೂ ಇದೇ ಕಥೆ. ಬೀದಿಯಲ್ಲಿ ಓಡುವ 350 ಎಂಜಿನ್ನಿಗೆ ಒಂದೂ ಐದೆಂಟಾಂಶ ಇಂಚಿನ, ಅಂದರೆ ಸುಮಾರು 41 ಮಿಲಿಮೀಟರಿನ ಕೊಳವೆ ಸಾಕು. ಹೊಸಬರು ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪದ್ದನ್ನೇ ಬೆರಳು ಮಾಡಿ ತೋರಿಸುತ್ತಾರೆ. ದಪ್ಪ ಕೊಳವೆಯಲ್ಲಿ ಗ್ಯಾಸಿನ ಓಟ ಮಂದವಾಗಿ, ಸಿಗ್ನಲ್ಲಿನಿಂದ ಹೊರಡುವಾಗ ಕಾರು ಮೊದಲಿಗಿಂತ ಸೋಮಾರಿ ಅನ್ನಿಸುವುದುಂಟು. ದುಡ್ಡು ಕೊಟ್ಟು ಸೋಮಾರಿತನ ಕೊಂಡಂತಾಯಿತು.

ಅಮೆರಿಕದ ವಿ8 ಎಂಜಿನ್ನಿಗೆ ಇನ್ನೊಂದು ಚಾಳಿ ಇದೆ. ಶೆವ್ರೊಲೆಯ ಸಿಲಿಂಡರುಗಳು ಉರಿಯುವ ಕ್ರಮ 1, 8, 4, 3, 6, 5, 7, 2. ಬೆಸ ಸಂಖ್ಯೆಯವು ಎಡಕ್ಕೆ, ಸಮ ಸಂಖ್ಯೆಯವು ಬಲಕ್ಕೆ. ಕ್ರಮವನ್ನು ಬೆರಳ ಮೇಲೆ ಎಣಿಸಿ ನೋಡಿ: ಬಲಪಕ್ಕದ 8 ಮತ್ತು 4 ಒಂದರ ಬೆನ್ನಿಗೆ ಒಂದು ಉರಿಯುತ್ತವೆ, ಎಡಪಕ್ಕದ 5 ಮತ್ತು 7 ಕೂಡ ಹಾಗೆಯೇ. ಎಡಬಲ ಸಮವಾಗಿ ಸರದಿ ಹಂಚಿಕೊಳ್ಳುವುದಿಲ್ಲ. ಹಾಲಿವುಡ್ ಸಿನಿಮಾಗಳಲ್ಲಿ ಕೇಳುವ ಆ ಗುಡುಗುಡು ಸದ್ದು ಹುಟ್ಟುವುದು ಈ ಸಮವಲ್ಲದ ಸರದಿಯಿಂದಲೇ. ಸದ್ದು ಚೆನ್ನ, ಗ್ಯಾಸಿನ ಹರಿವಿಗೆ ಅಷ್ಟು ಚೆನ್ನಲ್ಲ. 1966ರಲ್ಲಿ ಲೆ ಮಾನ್ ರೇಸಿನ ಮೊದಲ ಮೂರೂ ಸ್ಥಾನ ಬಾಚಿಕೊಂಡ ಫೋರ್ಡ್ ಜಿಟಿ40 ಕಾರಿನಲ್ಲಿ ಎಂಜಿನಿಯರುಗಳು ಎಡಪಕ್ಕದ ಕೆಲವು ಕೊಳವೆಗಳನ್ನು ಬಲಕ್ಕೂ ಬಲದ ಕೆಲವನ್ನು ಎಡಕ್ಕೂ ಹೆಣೆದು ಈ ಸರದಿಯನ್ನು ಸರಿಮಾಡಿದರು. ನೋಡಿದವರು ಅದನ್ನು ಹಾವಿನ ಗಂಟು ಎಂದರು. ಮನೆಯ ಗ್ಯಾರೇಜಿನಲ್ಲಿ ಕೂರಿಸುವ ಸಾಮಾನು ಅದಲ್ಲ. ಕಮಾರೊ ಕಾರಿನ ಎಂಜಿನ್ ಮುಂದಿರುವುದರಿಂದ ಅಷ್ಟು ಕೊಳವೆ ಹಾಯಲು ಜಾಗವೇ ಇಲ್ಲ.

ಇನ್ನು ಕೆಲಸದ ಮಾತು. ಅದು ಶುರುವಾಗುವುದು ಹಿಂದಿನ ರಾತ್ರಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹನ್ನೆರಡು ಬೋಲ್ಟುಗಳ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ಬಿಸಿ ಮ್ಯಾನಿಫೋಲ್ಡಿನ ಮೇಲೆ ಚಿಮುಕಿಸಿದರೆ ಬೆಂಕಿ ಹತ್ತೀತು. ಅಂಗಡಿಯ ಡಬ್ಬಿಗಳು ಹಲವು. ಅಸಿಟೋನ್ ಮತ್ತು ಗೇರ್‌ಬಾಕ್ಸಿನ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆಯನ್ನು ಅರ್ಧರ್ಧ ಬೆರೆಸಿ ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ. ಯಾವುದಾದರೂ ಆಗಲಿ, ಅದಕ್ಕೆ ರಾತ್ರಿಯಿಡೀ ಸಮಯ ಕೊಡಬೇಕು. ಹತ್ತು ನಿಮಿಷ ಕಾದು ಸ್ಪ್ಯಾನರ್ ಹಿಡಿಯುವವನಿಗೆ ಎಣ್ಣೆಯ ಖರ್ಚೂ ದಂಡ.

ಬೆಳಿಗ್ಗೆ ಬ್ಯಾಟರಿಯ ಸಂಪರ್ಕ ತೆಗೆದು, ಕಾರನ್ನು ಎತ್ತಿ, ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಜಾಕಿನ ನಂಬಿಕೆಯಲ್ಲಿ ಕಾರಿನ ಕೆಳಗೆ ಮಲಗಬಾರದು. ಸಿಮೆಂಟ್ ಬ್ಲಾಕಿನ ಮೇಲೆ ನಿಲ್ಲಿಸುವ ಯೋಚನೆಯನ್ನಂತೂ ಬಿಟ್ಟುಬಿಡಬೇಕು. ಟೊಳ್ಳು ಬ್ಲಾಕು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಎಂಜಿನ್ ಚಾಲೂ ಮಾಡುವಾಗ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿರಲಿ, ಏಕೆಂದರೆ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಳೆ ಕಾರಿನ ಮ್ಯಾನಿಫೋಲ್ಡಿಗೆ ನೆಂಟರು ಬಹಳ. ಆಯಿಲ್ ಡಿಪ್‌ಸ್ಟಿಕ್ಕಿನ ನಳಿಕೆ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಕೆಲವು ಮಾದರಿಗಳಲ್ಲಿ ಆಲ್ಟರ್ನೇಟರಿನ ಬ್ರಾಕೆಟ್ಟು ಅದಕ್ಕೇ ಜೋತುಬಿದ್ದಿದೆ. ಇನ್ನು ಕೆಲವದರಲ್ಲಿ ಕಾರ್ಬುರೇಟರಿನ ಚೋಕ್ ತಾನೇ ತೆರೆದುಕೊಳ್ಳಲು ಬೇಕಾದ ಬಿಸಿ ಬರುವುದೂ ಮ್ಯಾನಿಫೋಲ್ಡಿನಿಂದಲೇ. ಹೊಸ ಹೆಡರಿನಲ್ಲಿ ಆ ಏರ್ಪಾಡು ಇರುವುದಿಲ್ಲ. ಇದನ್ನು ಮರೆತವನ ಕಾರಿನ ಚೋಕ್ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ, ಕಾರು ಕಪ್ಪು ಹೊಗೆ ಬಿಡುತ್ತ ಪೆಟ್ರೋಲು ಕುಡಿಯುತ್ತದೆ. ಕರೆಂಟಿನ ಚೋಕ್ ಹಾಕಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಜಾಣತನ.

ಈಗ ಬೋಲ್ಟು. ಅದರ ದಪ್ಪ ಮೂರೆಂಟಾಂಶ ಇಂಚು, ಇಂಚಿಗೆ 16 ಥ್ರೆಡ್ಡು. ಸಾವಿರಾರು ಸಲ ಕಾದು ತಣ್ಣಗಾದ ಉಕ್ಕು ಬೀಡಿನ ಸಿಲಿಂಡರ್ ಹೆಡ್ಡಿನೊಳಗೆ ತುಕ್ಕು ಹಿಡಿದು ಕೂತಿರುತ್ತದೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಬೇಕು, ಹನ್ನೆರಡು ಮೂಲೆಯದು ಬೋಲ್ಟಿನ ತಲೆಯನ್ನು ಉರುಟು ಮಾಡಿಬಿಡುತ್ತದೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು. ತುಕ್ಕಿನ ಕಚ್ಚು ಮುರಿಯುವುದು ಹೀಗೆ. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ಮತ್ತಷ್ಟು ಎಣ್ಣೆ. ಬಿಡುವ ಬೋಲ್ಟು ಕಿರ್ರ್ ಎಂದು ಕೂಗಿ ಬಿಡುತ್ತದೆ, ಆ ಸದ್ದು ಶುಭ. ಭಯಪಡಬೇಕಾದದ್ದು ಸದ್ದಿಲ್ಲದೆ, ಮೆತ್ತಗೆ, ನುಣುಪಾಗಿ ತಿರುಗತೊಡಗುವ ಬೋಲ್ಟಿಗೆ. ಹಾಗೆ ತಿರುಗುತ್ತಿದ್ದರೆ ಬೋಲ್ಟು ಹೊರಗೆ ಬರುತ್ತಿಲ್ಲ, ಒಳಗೇ ತಿರುಚಿಕೊಳ್ಳುತ್ತಿದೆ. ಅಲ್ಲಿಗೇ ಕೈ ನಿಲ್ಲಿಸಿದವನು ಉಳಿದ. ಇನ್ನೊಂದು ಕಾಲು ಸುತ್ತು ಎಳೆದವನ ಕೈಯಲ್ಲಿ ತಲೆ ಮಾತ್ರ ಉಳಿಯುತ್ತದೆ.

ಮುರಿದರೆ ಏನು ಗತಿ? ತುಂಡು ಸ್ವಲ್ಪ ಹೊರಗೆ ಚಾಚಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿ, ಕೆಂಪು ಆರಿದ ಮೇಲೆ ಸ್ಪ್ಯಾನರಿನಿಂದ ತಿರುಗಿಸುತ್ತಾರೆ. ವೆಲ್ಡಿಂಗಿನ ಕಾವೇ ತುಕ್ಕನ್ನು ಸಡಿಲಿಸುವುದರಿಂದ ಇದು ಬಹಳ ಸಲ ಫಲಿಸುತ್ತದೆ. ಮಟ್ಟಕ್ಕೆ ಮುರಿದಿದ್ದರೆ ನಟ್ಟನಡುವೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟಿನಿಂದ ಕೊರೆಯಬೇಕು. ಅದೃಷ್ಟ ಇದ್ದರೆ ಕೊರೆಯುವಾಗಲೇ ತುಂಡು ತಿರುಗಿ ಹೊರಬರುತ್ತದೆ. ಎಕ್ಸ್‌ಟ್ರ್ಯಾಕ್ಟರ್ ಎಂಬ ಉಪಕರಣ ನೋಡಲು ಚೆಂದ, ಆದರೆ ಅವಸರದವನ ಕೈಯಲ್ಲಿ ಅಪಾಯ. ಅದು ಗಡಸು ಉಕ್ಕಿನದು, ಬೋಲ್ಟಿನ ತೂತಿನೊಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಗೀರಲಾರದು. ಆಗ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯುವುದೇ ದಾರಿ. ಊಟದ ಹೊತ್ತಿಗೆ ಮುಗಿಯಬೇಕಾಗಿದ್ದ ಕೆಲಸ ಮುಂದಿನ ತಿಂಗಳಿಗೆ ಹೋಯಿತು.

ಮ್ಯಾನಿಫೋಲ್ಡ್ ಕೈಗೆ ಬಂದ ಮೇಲೆ ಹೆಡ್ಡಿನ ಮುಖವನ್ನು ಶುಚಿ ಮಾಡಬೇಕು. ಇಲ್ಲೊಂದು ಎಚ್ಚರಿಕೆ. ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಒಣಗಿದ್ದಾಗ ವೈರ್ ಬ್ರಷ್ ಹಾಕಿ ಉಜ್ಜಿ ದೂಳೆಬ್ಬಿಸಬಾರದು; ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಮೊಂಡು ಚಾಕುವಿನಿಂದ ಕೆರೆಯಬೇಕು. ಕಂಪ್ರೆಸ್ಸರಿನ ಗಾಳಿ ಹೊಡೆಯುವುದಂತೂ ಬೇಡವೇ ಬೇಡ.

ಹೊಸ ಹೆಡರ್ ಮೇಲಿನಿಂದ ಇಳಿಯುತ್ತದೋ ಕೆಳಗಿನಿಂದ ಏರುತ್ತದೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಉದ್ದ ಕೊಳವೆಯದಾದರೆ ಬಹುತೇಕ ಕೆಳಗಿನಿಂದ. ಸ್ಟೀರಿಂಗ್ ಶಾಫ್ಟಿಗೆ ತಾಗುತ್ತದೆ, ಸ್ಟಾರ್ಟರ್ ಮೋಟರಿಗೆ ತಾಗುತ್ತದೆ, ಕ್ಲಚ್ಚಿನ ಕಡ್ಡಿಗೆ ತಾಗುತ್ತದೆ. ಪ್ಲಗ್ಗುಗಳನ್ನು ಮೊದಲೇ ಬಿಚ್ಚಿಟ್ಟರೆ ಅವುಗಳ ಪಿಂಗಾಣಿ ಒಡೆಯುವುದು ತಪ್ಪುತ್ತದೆ. ಹನ್ನೆರಡೂ ಬೋಲ್ಟುಗಳನ್ನು ಬರಿಗೈಯಲ್ಲಿ ಹಿಡಿಸಿದ ಮೇಲೆಯೇ ಸ್ಪ್ಯಾನರ್ ಮುಟ್ಟಬೇಕು. ಒಂದನ್ನು ಬಿಗಿ ಮಾಡಿ ಇನ್ನೊಂದನ್ನು ಹುಡುಕಿದರೆ ತೂತು ಹೊಂದುವುದಿಲ್ಲ, ಥ್ರೆಡ್ಡು ಅಡ್ಡ ಹೋಗುತ್ತದೆ. ಬಿಗಿ ಮಾಡುವುದು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಸಾಮಾನ್ಯವಾಗಿ 20ರಿಂದ 25 ಅಡಿ-ಪೌಂಡಿಗೆ.

ಬರೆದಷ್ಟು ಸುಲಭವಲ್ಲ. ಸ್ಮಾಲ್ ಬ್ಲಾಕಿನ ನಡುವಿನ ಎರಡು ಎಕ್ಸಾಸ್ಟ್ ಬಾಯಿಗಳು ಅಕ್ಕಪಕ್ಕ ಅಂಟಿಕೊಂಡಿವೆ. ಅಲ್ಲಿ ಎರಡು ಕೊಳವೆಗಳ ಸಂದಿನಲ್ಲಿರುವ ಬೋಲ್ಟಿಗೆ ಟಾರ್ಕ್ ರೆಂಚಿನ ಸಾಕೆಟ್ಟು ಹೋಗುವುದಿಲ್ಲ. ರಿಂಗ್ ಸ್ಪ್ಯಾನರ್ ಹಾಕಿದರೆ ಬೋಲ್ಟು ಒಂದು ಸಲಕ್ಕೆ ತಿರುಗುವುದು ಒಂದಿಷ್ಟೇ. ತೆಗೆದು, ತಿರುವಿ, ಮತ್ತೆ ಹಾಕಬೇಕು. ಹೀಗೇ ಎಷ್ಟೋ ಹೊತ್ತು. ಹಳಬರು ಒಂದು ಅಗ್ಗದ ಸ್ಪ್ಯಾನರನ್ನು ಗ್ರೈಂಡರಿಗೆ ಕೊಟ್ಟು ಮೋಟು ಮಾಡಿ, ಬಾಯಿಯನ್ನು ತೆಳುವಾಗಿ ಸವೆಸಿ, ಈ ಒಂದೇ ಬೋಲ್ಟಿಗಾಗಿ ಇಟ್ಟುಕೊಂಡಿರುತ್ತಾರೆ. ಯಾರ ಪೆಟ್ಟಿಗೆಯಲ್ಲಿ ಅಂಥ ಸ್ಪ್ಯಾನರ್ ಕಂಡರೂ ಅವರು ಹೆಡರ್ ಹಾಕಿದವರೆಂದು ಕಣ್ಣುಮುಚ್ಚಿ ಹೇಳಬಹುದು.

ಮೊದಲ ಸಲ ಚಾಲೂ ಮಾಡಿದಾಗ ಬಣ್ಣ ಸುಟ್ಟು ಹೊಗೆ ಏಳುತ್ತದೆ. ಅದಕ್ಕೆ ಗಾಬರಿ ಬೇಡ. ಕಿವಿಗೊಡಬೇಕಾದದ್ದು ಟಿಕ್ ಟಿಕ್ ಸದ್ದಿಗೆ. ಎಂಜಿನ್ ತಣ್ಣಗಿರುವಾಗ ಕೇಳಿ ಬಿಸಿಯಾದಂತೆ ಅಡಗಿದರೆ ಗ್ಯಾಸ್ಕೆಟ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ಕೆಲವು ಸಲ ಕಾದು ತಣ್ಣಗಾದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡುವುದು ಕಡ್ಡಾಯ. ಪ್ಲಗ್ ವೈರು ಕೊಳವೆಗೆ ತಾಗಿದ್ದರೆ ಒಂದೇ ಓಟಕ್ಕೆ ಕರಗುತ್ತದೆ. ಬಲಪಕ್ಕದ ಕೊಳವೆಗಳ ಕಾವಿಗೆ ಸ್ಟಾರ್ಟರ್ ಮೋಟರ್ ಬೆಂದು, ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ ಕಾರು ಮತ್ತೆ ಶುರುವಾಗದೆ ಮಾನ ಕಳೆಯುವುದೂ ಉಂಟು. ನಡುವೆ ಒಂದು ಶಾಖದ ತಡೆ ಕೂರಿಸಿದರೆ ಬಚಾವು. ಎಂಜಿನ್ ಈಗ ಹೆಚ್ಚು ಗಾಳಿ ಎಳೆಯುವುದರಿಂದ ಕಾರ್ಬುರೇಟರಿನ ಜೆಟ್ಟುಗಳನ್ನೂ ದೊಡ್ಡದು ಮಾಡಬೇಕಾಗಬಹುದು. ಕೊಳವೆಗೆ ಶಾಖದ ಪಟ್ಟಿ ಸುತ್ತಿದರೆ ಬಾನೆಟ್ಟಿನ ಒಳಗೆ ತಂಪು, ನಿಜ. ಆದರೆ ಆ ಪಟ್ಟಿ ತೇವ ಹಿಡಿದಿಟ್ಟುಕೊಂಡು ಮೆದು ಉಕ್ಕನ್ನು ಬೇಗ ತುಕ್ಕಿಗೆ ತುತ್ತಾಗಿಸುತ್ತದೆ. ದುಡ್ಡಿದ್ದವರು ಸೆರಾಮಿಕ್ ಲೇಪನ ಮಾಡಿಸುವುದು ಅದಕ್ಕೇ.

ಕಾನೂನಿನ ಮಾತು ಬಿಡುವಂತಿಲ್ಲ. ಈ ಹವ್ಯಾಸ ಹುಟ್ಟಿದ ಕ್ಯಾಲಿಫೋರ್ನಿಯಾದಲ್ಲೇ ಇವತ್ತು ಅದಕ್ಕೆ ಕಟ್ಟುಪಾಡು ಹೆಚ್ಚು. ಅಲ್ಲಿನ ವಾಯು ಸಂಪನ್ಮೂಲ ಮಂಡಳಿ ಪರೀಕ್ಷಿಸಿ ಅನುಮತಿ ಸಂಖ್ಯೆ ಕೊಟ್ಟ ಹೆಡರನ್ನು ಮಾತ್ರ ರಸ್ತೆಯ ಕಾರಿಗೆ ಹಾಕಬಹುದು. 1975 ಮತ್ತು ಅದಕ್ಕಿಂತ ಹಳೆಯ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1969ರ ಕಮಾರೊ ಇಟ್ಟುಕೊಂಡವರು ನೆಮ್ಮದಿಯಾಗಿರುವುದು ಹೀಗಾಗಿ. ಅಮೆರಿಕದ ಹೆಚ್ಚಿನ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದದ್ದೂ 1975ರ ಮಾದರಿಯಿಂದಲೇ. ಅದನ್ನು ಕಿತ್ತುಹಾಕುವುದು ದೇಶದಾದ್ಯಂತ ಕಾನೂನುಬಾಹಿರ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಸ್ವರೂಪವನ್ನು ಬದಲಾಯಿಸುವುದಕ್ಕೆ ಅಡ್ಡ ನಿಂತಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ 190ನೇ ಕಲಮಿನ ಪ್ರಕಾರ ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ವಶಪಡಿಸಿಕೊಂಡ ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ಚಿತ್ರವನ್ನು ಕರ್ನಾಟಕದ ಪತ್ರಿಕೆ ಓದುವವರು ನೋಡಿಯೇ ಇರುತ್ತಾರೆ. ಹೆಡರ್ ಸೈಲೆನ್ಸರ್ ಅಲ್ಲ, ಅದರಿಂದ ಸದ್ದು ಅಷ್ಟೇನೂ ಏರುವುದಿಲ್ಲ ಎಂದು ವಾದಿಸಬಹುದು. ಠಾಣೆಯಲ್ಲಿ ಆ ವಾದ ಕೇಳುವವರು ಸಿಗುವುದು ಕಷ್ಟ. ಬೆಂಗಳೂರಿನ ಕೆ-1000 ರ‍್ಯಾಲಿಯಂಥ ಸ್ಪರ್ಧೆಗೆ ಸಜ್ಜು ಮಾಡುವ ಕಾರುಗಳ ವಿಷಯ ಬೇರೆ. ಅವುಗಳಿಗೆ ಸ್ಪರ್ಧೆಯದೇ ನಿಯಮಾವಳಿ ಇದೆ.

ಕಾನೂನನ್ನು ಬದಿಗಿಟ್ಟು ಬರೀ ಲಾಭ ನೋಡಿದರೂ ಇವತ್ತಿನ ಕಾರಿನಲ್ಲಿ ಲೆಕ್ಕ ಹೊಂದುವುದಿಲ್ಲ. ಎಕ್ಸಾಸ್ಟಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರು ಪೆಟ್ರೋಲಿನ ಪ್ರಮಾಣ ತೀರ್ಮಾನಿಸುತ್ತದೆ. ಹೆಡರಿನ ಗ್ಯಾಸ್ಕೆಟ್ ಚೂರು ಸೋರಿದರೂ ಎರಡು ಏಟುಗಳ ನಡುವೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ ಮೋಸಹೋಗಿ ಪೆಟ್ರೋಲು ಕಡಿಮೆ ಎಂದು ವರದಿ ಕೊಡುತ್ತದೆ. ಕಂಪ್ಯೂಟರು ಬೇಡದ ಪೆಟ್ರೋಲು ಸುರಿಯುತ್ತದೆ. ಅದಕ್ಕೂ ಮಿಗಿಲಾಗಿ ಫೋರ್ಡಿನ 1.0 ಲೀಟರ್ ಇಕೋಬೂಸ್ಟ್, ಫೋಕ್ಸ್‌ವ್ಯಾಗನ್ನಿನ 1.0 ಟಿಎಸ್‌ಐ ಮೊದಲಾದ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡ್ ಎಂಬ ಬೇರೆ ವಸ್ತುವೇ ಇಲ್ಲ. ಅದು ಸಿಲಿಂಡರ್ ಹೆಡ್ಡಿನ ಎರಕದಲ್ಲೇ ಸೇರಿಹೋಗಿದೆ, ಹೊರಗೆ ಕಾಣುವುದು ಟರ್ಬೊ ಕೂರುವ ಒಂದೇ ಬಾಯಿ.

ಆದ್ದರಿಂದ ಹಳೆಯ ಕಾರ್ಬುರೇಟರ್ ವಿ8 ಇಟ್ಟುಕೊಂಡು ತಮ್ಮ ಗ್ಯಾರೇಜಿನಲ್ಲೇ ಕೈ ಕೊಳೆ ಮಾಡಿಕೊಳ್ಳುವ ಆಸೆ ಇರುವವರು ಹೆಡರ್ ಹಾಕಲಿ, ದುಡ್ಡಿಗೆ ಮೋಸವಿಲ್ಲ. ನಮ್ಮ ಊರಿನಲ್ಲಿ ಹೊಸ ಕಾರು ಕೊಂಡವರು ಅಂಗಡಿಗೆ ಹೋಗಿ ಹೆಡರಿನ ಬೆಲೆ ಕೇಳುವ ಮೊದಲು ಒಮ್ಮೆ ಬಾನೆಟ್ ಎತ್ತಿ, ಅದನ್ನು ಕೂರಿಸಲು ಜಾಗ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಅದೇ ದುಡ್ಡಿನಲ್ಲಿ ಒಳ್ಳೆಯ ಟೈರು, ಬ್ರೇಕ್ ಪ್ಯಾಡು ಹಾಕಿಸಲಿ.